ಗುಳ್ಳೆ ಕೂರುವ ಜಾಗ

ವೆನ್ಸೆಲ್‌ನ ಬಾಳಿನಲ್ಲಿ ಆ ಗುರುವಾರ ನಡೆದ ಅನಾಹುತಕ್ಕೆಲ್ಲ ಕಾರಣ ಅವನಕ್ಕ ರೆಬೆಕಾಳ ಶುಚಿತ್ವ. ಶುಚಿಯಿಂದ ಯಾರಾದರೂ ಕೆಟ್ಟದ್ದುಂಟೇ ಅಂತ ನೀವು ಕೇಳಬಹುದು. ಉಂಟು ಸ್ವಾಮಿ, ಉಂಟು. ಕೇಳಿ.

ಕಿಶ್‌ಬುಕ್ ಅನ್ನೋ ಬೆಟ್ಟದ ಹಳ್ಳಿಯ ಅಂಚಿನಲ್ಲಿ, ಬೀಚ್ ಅನ್ನೋ ಕಾಡುಮರಗಳ ನೆರಳಿನಲ್ಲಿ ಒಂದು ಹುಳಿನೀರಿನ ಬುಗ್ಗೆ ಇದೆ. ನೆಲದೊಳಗೇ ಗ್ಯಾಸು ತುಂಬಿಕೊಂಡು ಬರುವ ನೀರು. ಕುಡಿದರೆ ಸೋಡಾದ ಹಾಗೆ ನಾಲಗೆ ಜುಮ್ಮೆನ್ನುತ್ತದೆ. ಆ ಸೀಮೆಯಲ್ಲಿ ಊರಿಗೊಂದು ಬುಗ್ಗೆ, ಪ್ರತಿ ಊರಿಗೂ ತನ್ನ ನೀರೇ ಮೇಲು. ಕಿಶ್‌ಬುಕ್ಕಿನವರು ಪಕ್ಕದೂರಿಗೆ ಮದುವೆ ಊಟಕ್ಕೆ ಹೋದರೂ ಕಂಕುಳಲ್ಲಿ ತಮ್ಮ ನೀರಿನ ಬಾಟಲಿ ಇಟ್ಟುಕೊಂಡೇ ಹೋಗುತ್ತಾರೆ. ಅಲ್ಲಿಯ ನೀರು ಕುಡಿದರೆ ಸತ್ತ ಅಜ್ಜಂದಿರು ಎದ್ದು ಬಂದು ಬೈಯುತ್ತಾರೆ ಅನ್ನೋ ಭಯ.

ಈ ಬುಗ್ಗೆಗೆ ಕಾವಲುಗಾರ ನಮ್ಮ ವೆನ್ಸೆಲ್. ವಯಸ್ಸು ನಲವತ್ತೊಂದು, ಮದುವೆ ಇಲ್ಲ, ಸಂಬಳ ಜಿಲ್ಲಾ ಕಚೇರಿಯದು. ಕೆಲಸ ಅಂದರೆ ಬಿದ್ದ ಎಲೆ ಗುಡಿಸುವುದು, ದಾರಿಹೋಕರಿಗೆ ನೀರು ಕೊಡುವುದು. ಇದು ಅರ್ಧ ಗಂಟೆಗೆ ಮುಗಿಯುತ್ತದೆ. ಉಳಿದ ಹೊತ್ತೆಲ್ಲ ಬುಗ್ಗೆಯ ಪಕ್ಕದ ಮರದ ಬೆಂಚಿನ ಮೇಲೆ ಕೂತು, ತನ್ನ ತಗಡಿನ ಲೋಟದೊಳಗೆ ನೋಡುವುದು.

ಆ ಲೋಟದ ಬಿಳಿ ಬಣ್ಣ ಒಳಗೆಲ್ಲ ಎದ್ದು ಹೋಗಿ, ಮುದಿ ನಾಯಿಯ ಹಲ್ಲಿನ ಹಾಗಿತ್ತು. ಅದರಲ್ಲಿ ನೀರು ತುಂಬಿಸಿಟ್ಟರೆ ಗೀರು ಗೀರಿನಿಂದಲೂ ಗುಳ್ಳೆಗಳು ಹುಟ್ಟುತ್ತಿದ್ದವು. ಮೊದಲು ಸಾಸಿವೆಯಷ್ಟು. ಅಲ್ಲೇ ಕೂತು, ಯೋಚನೆ ಮಾಡಿ, ಸ್ವಲ್ಪ ಮೈ ತುಂಬಿಕೊಂಡು, ಇನ್ನು ಸಾಕು ಅನ್ನಿಸಿದಾಗ ಮೆಲ್ಲಗೆ ಕೈಬಿಟ್ಟು ಹೊರಡುವುದು. ಮೇಲೆ ಹೋದಂತೆಲ್ಲ ಇನ್ನೂ ದಪ್ಪಗಾಗುವುದು. ಮೇಲೆ ಬಂದ ಮೇಲೆ ಒಂದು ಕ್ಷಣ ಆಕಾಶ ನೋಡಿ ಟಪ್ ಅಂತ ಇಲ್ಲವಾಗುವುದು. ಅಷ್ಟರಲ್ಲಿ ಕೆಳಗೆ ಅದೇ ಗೀರಿನಲ್ಲಿ ಇನ್ನೊಂದು ಬಂದು ಕೂತಿರುತ್ತಿತ್ತು. ವೆನ್ಸೆಲ್ ಇದನ್ನು ನೋಡುತ್ತಾ ನೋಡುತ್ತಾ ತಾನೂ ಹಗುರವಾಗಿ, ಮರಗಳ ತುದಿಯವರೆಗೆ ಹೋಗಿ ಬರುತ್ತಿದ್ದ. ಆಗಾಗ ಅಕ್ಕ ಕೊಟ್ಟ ಸಿಹಿ ಬ್ರೆಡ್ಡಿನಿಂದ ಒಂದು ಒಣದ್ರಾಕ್ಷಿ ಕಿತ್ತು ಲೋಟಕ್ಕೆ ಹಾಕುವನು. ದ್ರಾಕ್ಷಿ ಮುಳುಗುತ್ತದೆ, ಅದರ ಸುಕ್ಕು ಸುಕ್ಕಿಗೂ ಗುಳ್ಳೆಗಳು ಅಂಟಿಕೊಂಡು ಅದನ್ನು ಮೇಲಕ್ಕೆ ಎತ್ತುತ್ತವೆ, ಮೇಲೆ ಬಂದ ಕೂಡಲೇ ಗುಳ್ಳೆ ಒಡೆದು ಮತ್ತೆ ಮುಳುಗುತ್ತದೆ. ಒಂದೇ ದ್ರಾಕ್ಷಿಯಲ್ಲಿ ಅವನಿಗೆ ಬೆಳಗಿನಿಂದ ಮಧ್ಯಾಹ್ನ ಆಗುತ್ತಿತ್ತು.

ಇಂಥ ಸುಖಕ್ಕೆ ಕಲ್ಲು ಹಾಕುವುದಕ್ಕೆ ಅಂತಲೇ ಜಿಲ್ಲಾ ಕಚೇರಿಯಿಂದ ಒಂದು ಕಾಗದ ಬಂತು. ಗುರುವಾರ ಪರೀಕ್ಷಕರು ಬರುತ್ತಾರೆ. ಬುಗ್ಗೆ ‘ಜೀವಂತ’ ಅಂತ ಅವರು ಬರೆದರೆ ಸರಿ. ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ಹೊಡೆದು, ಬೀಗ ಹಾಕಿ, ಕಾವಲುಗಾರನನ್ನು ಮನೆಗೆ ಕಳಿಸುತ್ತಾರೆ.

ಮನೆ ಅಂದರೆ ಅಕ್ಕನ ಮನೆ. ಅಕ್ಕನ ಮನೆ ಅಂದರೆ ಭಾವ ಗಾಶ್ಪರ್‌ನ ಮರ ಕೊಯ್ಯುವ ಮಿಲ್ಲು. ಬೆಳಗ್ಗೆ ಆರಕ್ಕೆ ಶುರುವಾದರೆ ಸಂಜೆ ಆರರವರೆಗೆ ಗರಗಸ ಕಿರ್‍ರೋ ಅಂತ ಅರಚುವ ಜಾಗ. ಗಾಶ್ಪರ್ ಮೈದುನನಿಗಾಗಿ ಆಗಲೇ ಗೋಡೆಯ ಮೊಳೆಗೆ ಒಂದು ಚರ್ಮದ ಏಪ್ರನ್ನು ನೇತುಹಾಕಿಟ್ಟಿದ್ದ. ಅದನ್ನು ನೋಡಿದಾಗೆಲ್ಲ ವೆನ್ಸೆಲ್ ಮುಖ ತಿರುಗಿಸಿಕೊಂಡು ಬುಗ್ಗೆಯ ದಾರಿ ಹಿಡಿಯುತ್ತಿದ್ದ. ಗರಗಸದ ಸದ್ದಿನಲ್ಲಿ ಒಂದು ಗುಳ್ಳೆಯನ್ನಾದರೂ ನೋಡಲಾಗುತ್ತದೆಯೇ ನೀವೇ ಹೇಳಿ.

ಪಂಚಾಯ್ತಿಯವರು ಸುಮ್ಮನಿರಲಿಲ್ಲ. ಅಧ್ಯಕ್ಷ ಅಂಬ್ರುಶ್ ಹಿಂದಿನ ವಾರವೇ ಬುಗ್ಗೆಯ ಬಾಯಿಗೆ ಸಿಮೆಂಟಿನ ಮುಚ್ಚಳ ಹಾಕಿಸಿ, ಒಂದು ಹೊಳೆಯುವ ಕೊಳವೆಯಿಂದ ನೀರು ಬರುವ ಹಾಗೆ ಮಾಡಿಸಿದ್ದ. ಗುರುವಾರ ಬೆಳಗ್ಗೆ ರೆಬೆಕಾ ಬಂದಳು. ತಲೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಅವಳ ಮದುವೆಗೆ ಬಂದ, ಇಪ್ಪತ್ತು ವರ್ಷದಿಂದ ಯಾರೂ ಮುಟ್ಟದ ಹನ್ನೆರಡು ಗಾಜಿನ ಲೋಟ, ಒಂದು ದೊಡ್ಡ ಹೂಜಿ.

“ರಾತ್ರಿಯೆಲ್ಲ ನಿದ್ದೆಗೆಟ್ಟು ತೊಳೆದಿದೀನಿ ಕಣೋ. ವಿನಿಗರ್ ಹಾಕಿ, ಬಿಸಿನೀರು ಹಾಕಿ, ನನ್ನ ರೇಷ್ಮೆ ಸ್ಕಾರ್ಫಲ್ಲಿ ಒರೆಸಿದೀನಿ. ನೋಡು, ಇದೆಯೋ ಇಲ್ಲವೋ ಗೊತ್ತಾಗ್ತಿದೆಯಾ?”

ನಿಜಕ್ಕೂ ಗೊತ್ತಾಗುತ್ತಿರಲಿಲ್ಲ. ವೆನ್ಸೆಲ್ ಒಂದು ಲೋಟ ಹಿಡಿಯಲು ಹೋಗಿ ಗಾಳಿ ಹಿಡಿದ.

“ಇನ್ನೊಂದು ಮಾತು. ಅವರ ಫಾರಂನಲ್ಲಿ ಇದೆಯಂತೆ, ಲೋಟಗಳನ್ನ ಕಾವಲುಗಾರನೇ ಕೈಯಾರೆ ತೊಳೀಬೇಕು ಅಂತ. ಬೇರೆಯವರು ತೊಳೆದ್ರೆ ಪಟ್ಟಿಯಿಂದ ಔಟು. ಕೇಳಿದ್ರೆ ನಾನೇ ತೊಳೆದೆ ಅನ್ನು. ಬಾಯಿಬಿಟ್ಟು ಸತ್ಯ ಹೇಳಿ ಕೆಡಬೇಡ. ಎಲ್ಲಿ ಆ ನಿನ್ನ ದರಿದ್ರ ಲೋಟ?”

“ಅಕ್ಕಾ, ಅದು ಬೇಡ...”

ತಗಡಿನ ಲೋಟ ರೆಬೆಕಾಳ ಏಪ್ರನ್ನಿನ ಜೇಬಿನಲ್ಲಿ ಮಾಯವಾಯಿತು.

ಮೇಜಿಗೆ ಬಿಳಿ ಬಟ್ಟೆ ಹಾಸಿದರು, ಹೂವಿಟ್ಟರು, ಒಂದು ಸಲ ರುಚಿ ನೋಡೋಣ ಅಂತ ಲೋಟಗಳಿಗೆ ನೀರು ತುಂಬಿಸಿದರು. ತುಂಬಿಸುವಾಗ ನೀರು ಒಂದಿಷ್ಟು ಬುಸುಗುಟ್ಟಿತು. ಆಮೇಲೆ ಸುಮ್ಮನಾಯಿತು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಹನ್ನೆರಡು ಲೋಟಗಳಲ್ಲಿ ನೀರು ಒಂದೇ ಒಂದು ಗುಳ್ಳೆಯೂ ಇಲ್ಲದೆ, ಚರ್ಚಿನಲ್ಲಿ ಕೂತ ವಿಧವೆಯರ ಹಾಗೆ ನಿಶ್ಶಬ್ದವಾಗಿ ಕೂತಿತ್ತು.

“ಅಯ್ಯೋ, ಬುಗ್ಗೆ ಸತ್ತುಹೋಯ್ತು!” ಅಂತ ಮೊದಲು ಕೂಗಿದವಳು ಪಕ್ಕದ ಮನೆಯ ಪಿರೋಷ್ಕಮ್ಮ. ಸಾವಿನ ಸುದ್ದಿ ಮೊದಲು ಹೇಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

“ಕುಡಿದು ನೋಡಿ, ಜುಮ್ ಅನ್ನುತ್ತೆ,” ಅಂದ ವೆನ್ಸೆಲ್.

ಊರಿಗೇ ಹಿರಿಯನಾದ ಮೋಜೆಶ್ ತಾತ ಒಂದು ಗುಟುಕು ಕುಡಿದು ಬಾಯಾಡಿಸಿದ. “ಜುಮ್ ಏನೋ ಅನ್ನುತ್ತೆ. ಆದ್ರೆ ನನ್ನ ನಾಲಗೆ ಮಾತು ನಂಬಬೇಡ್ರಪ್ಪ. ಹಲ್ಲು ಉದುರಿದಾಗಿಂದ ಹಾಲು ಕುಡಿದ್ರೂ ಜುಮ್ ಅನ್ನುತ್ತೆ.”

“ನಾಲಗೆ ಯಾರಿಗೆ ಬೇಕು?” ಅಂಬ್ರುಶ್ ಜೇಬಿನಿಂದ ಕಾಗದ ತೆಗೆದು ತೋರಿಸಿದ. “ಇಲ್ಲಿ ಬರೆದಿದೆ ನೋಡಿ. ‘ಗುಳ್ಳೆ: ಕಣ್ಣಿಗೆ ಕಾಣುವಂತೆ ಹೇರಳ, ಸಾಧಾರಣ, ಇಲ್ಲ.’ ಇವತ್ತು ಏನಂತ ಬರೀತಾರೆ? ಏನು ಮಾಡಿದ್ಯೋ ವೆನ್ಸೆಲ್ ನಮ್ಮ ಬುಗ್ಗೆಗೆ? ಬರೀ ಕೂತು ನೋಡ್ತಾನೆ, ನೋಡ್ತಾನೆ. ದೃಷ್ಟಿ ತಾಗಿಸಿಬಿಟ್ಟೆಯಲ್ಲೋ!”

“ಸೋಮವಾರದವರೆಗೆ ಕಾಯೋದು ಬೇಡ, ನಾಳೆಯಿಂದಲೇ ಮಿಲ್ಲಿಗೆ ಬಾ,” ಅಂದ ಗಾಶ್ಪರ್. ಅವನು ಕೆಟ್ಟ ಮನುಷ್ಯನಲ್ಲ; ಕಿವಿ ಅರ್ಧ ಹೋಗಿದ್ದರಿಂದ ಒಳ್ಳೆಯ ಮಾತನ್ನೂ ಕೂಗಿಯೇ ಹೇಳುತ್ತಿದ್ದ.

ಪಿರೋಷ್ಕಮ್ಮ ಮನೆಗೆ ಓಡಿ ತನ್ನ ಸೋಡಾ ಸೀಸೆ ತಂದಳು, ಅದೇ, ಮೇಲಿನ ಹಿಡಿ ಒತ್ತಿದರೆ ಚಿಮ್ಮುತ್ತದಲ್ಲ, ಅದು. ಒತ್ತಿದಳು. ಅರ್ಧ ಮೋಜೆಶ್ ತಾತನ ಮೀಸೆಗೆ ಹೋಯಿತು, ಅರ್ಧ ಲೋಟಕ್ಕೆ. ಲೋಟ ಬುಸ್ಸೆಂದು ನೊರೆಯಾಗಿ, ಮರುಕ್ಷಣ ಮತ್ತೆ ಮೌನ. ಮೀಸೆಯಲ್ಲಿ ಮಾತ್ರ ಗುಳ್ಳೆಗಳು ಸಾಲಾಗಿ ಕೂತು ಹೊಳೆಯುತ್ತಿದ್ದವು. ವೆನ್ಸೆಲ್ ಅದನ್ನು ಒಂದು ಗಳಿಗೆ ಆಸೆಯಿಂದ ನೋಡಿದ. ಏನೋ ಹೊಳೆದ ಹಾಗಾಯಿತು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಕಾರಿನ ಸದ್ದು ಕೇಳಿ, ಹೊಳೆದದ್ದು ಹೋಯಿತು.

“ಬಂದ್ರು!” ಅಂಬ್ರುಶ್ ತನ್ನ ದ್ರಾಕ್ಷಾರಸದ ಪೀಪಾಯಿಯಿಂದ ಎಳೆದು ತಂದಿದ್ದ ಒಂದು ರಬ್ಬರ್ ಕೊಳವೆಯನ್ನು ಕೈಗೆ ತೆಗೆದುಕೊಂಡ. ಒಂದು ತುದಿ ಹೂವಿನ ಹಿಂದಿನಿಂದ ಹೂಜಿಯೊಳಕ್ಕೆ, ಇನ್ನೊಂದು ತುದಿ ಮೇಜಿನ ಕೆಳಕ್ಕೆ. “ಲೋ, ಒಳಗೆ ಹೋಗು. ಊದು.”

“ಅಧ್ಯಕ್ಷರೇ, ಇದು ಮೋಸ ಆಗಲ್ವಾ?”

“ಮಿಲ್ಲಿನ ಏಪ್ರನ್ ನೆನಪಿದೆಯಾ?”

ನೀರಿಗೆ ಬಿದ್ದ ಮೇಲೆ ಚಳಿಯೇನು, ಮಳೆಯೇನು. ವೆನ್ಸೆಲ್ ಮೇಜಿನ ಕೆಳಗೆ ನುಸುಳಿ, ಬಿಳಿ ಬಟ್ಟೆಯ ಮರೆಯಲ್ಲಿ ಮಂಡಿ ಮಡಚಿ ಕೂತು, ಕೊಳವೆಗೆ ಬಾಯಿ ಇಟ್ಟ.

ಪರೀಕ್ಷಕರ ಹೆಸರು ಒಟ್ಟಿಲಿಯಾ. ಎತ್ತರದ ಮೈ, ದಪ್ಪ ಕನ್ನಡಕ, ಮಾತು ಕಡಿಮೆ. ಇಳಿದವರೇ ಬುಗ್ಗೆಯ ಆ ಹೊಳೆಯುವ ಕೊಳವೆಯ ನೀರಿಗೆ ಬೊಗಸೆ ಒಡ್ಡಿ ಒಂದು ಗುಟುಕು ಕುಡಿದರು. ಆಮೇಲೆ ಮೇಜಿನ ಹತ್ತಿರ ಬಂದು, ಒಂದು ಲೋಟ ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, “ಹೂಂ,” ಅಂದರು. ಇನ್ನೊಂದು ಎತ್ತಿದರು. “ಹೂಂ.” ಹನ್ನೆರಡನ್ನೂ ಹಾಗೇ ನೋಡಿದರು. ಒಂದೊಂದು ಹೂಂ ಅಂದಾಗಲೂ ಅಂಬ್ರುಶ್‌ನ ಬೆನ್ನಿನಲ್ಲಿ ಬೆವರು ಇಳಿಯಿತು.

“ಮೇಡಂ, ಅದೆಲ್ಲ ತುಂಬಿ ಬಹಳ ಹೊತ್ತಾಯ್ತು. ಹೂಜಿ ನೋಡಿ, ಹೂಜಿ! ಇದು ಹೊಸ ನೀರು!”

ಹೂಜಿಯಲ್ಲಿ ಗುಳುಗುಳು ಅಂತ ಗುಳ್ಳೆಗಳು ಎದ್ದವು. ಆಹಾ, ಎಂಥ ಗುಳ್ಳೆ! ಒಂದೊಂದೂ ನೆಲ್ಲಿಕಾಯಿ ಗಾತ್ರ. ಒಂದು ನಿಮಿಷ ಎದ್ದವು, ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಂತವು, ಮತ್ತೆ ಎದ್ದವು.

“ಬಿಟ್ಟು ಬಿಟ್ಟು ಬರ್ತವಲ್ಲ?” ಅಂದರು ಒಟ್ಟಿಲಿಯಾ.

“ನಮ್ಮ ಬೆಟ್ಟದ ಗುಣ ಮೇಡಂ. ಅದಕ್ಕೂ ವಯಸ್ಸಾಯ್ತು ನೋಡಿ.”

“ಕಾವಲುಗಾರ ಎಲ್ಲಿ?”

“ಚರ್ಚಿನ ಗಂಟೆ ಹೊಡೆಯೋಕೆ ಹೋಗಿದಾನೆ!” ಅಂದಳು ರೆಬೆಕಾ. ಗಂಟೆ ಮಾತ್ರ ಕೇಳಲಿಲ್ಲ.

ಮೇಜಿನ ಕೆಳಗಿನ ಲೋಕವೇ ಬೇರೆಯಾಗಿತ್ತು. ಬಿಳಿ ಬಟ್ಟೆಯ ಮೂಲಕ ಬಿಸಿಲು ಹಾಲಿನ ಹಾಗೆ ಸೋರುತ್ತಿತ್ತು. ಮರದೆಲೆಗಳ ನೆರಳು ಆ ಬಟ್ಟೆಯ ಮೇಲೆ ಮೆಲ್ಲಗೆ ತೇಲುತ್ತಾ, ಕೂಡುತ್ತಾ, ಬಿಡುತ್ತಾ, ಮೇಲಕ್ಕೆ ಹೋಗುತ್ತಿತ್ತು. ತಾನೊಂದು ಗುಳ್ಳೆಯೊಳಗೆ ಕೂತಿದ್ದೇನೆ ಅನ್ನಿಸಿತು ವೆನ್ಸೆಲ್‌ಗೆ. ಹೊರಗಿನ ಮಾತುಗಳು ನೀರಿನಾಚೆಯಿಂದ ಬಂದ ಹಾಗೆ ಕೇಳುತ್ತಿದ್ದವು. ಈಗ ಕೈಬಿಟ್ಟರೆ ಸಾಕು, ತಾನೂ ಹೊರಟೆ, ಮರದ ತುದಿಗೆ, ಅದರಾಚೆಗೆ. ಕೊಳವೆ ಬಾಯಿಂದ ಜಾರಿತು. ಊದುವುದು ಮರೆತೇ ಹೋಯಿತು.

ಮೇಲೆ ಹೂಜಿಯ ನೀರು ಸತ್ತ ಹಾಗೆ ನಿಂತಿತ್ತು. ಅಂಬ್ರುಶ್ ನಗುತ್ತಲೇ, ಮೇಜಿನ ಕೆಳಗೆ ಕಾಲು ಚಾಚಿ, ಸಿಕ್ಕಿದ ಪಕ್ಕೆಲುಬಿಗೆ ಬೂಟಿನಿಂದ ಒದ್ದ.

ವೆನ್ಸೆಲ್ ಬೆಚ್ಚಿಬಿದ್ದು, ಕೊಳವೆ ಕಚ್ಚಿ, ಹೊಟ್ಟೆಯಲ್ಲಿದ್ದ ಉಸಿರನ್ನೆಲ್ಲ ಒಂದೇ ಸಲಕ್ಕೆ ಊದಿದ. ಹೂಜಿಯ ನೀರು ಧುಸ್ಸೆಂದು ಚಿಮ್ಮಿ, ಹೂವಿನ ಸಮೇತ ಒಟ್ಟಿಲಿಯಾ ಅವರ ಮುಖಕ್ಕೆ ಬಿತ್ತು.

ಒಟ್ಟಿಲಿಯಾ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಹೂಜಿಗೆ ಮೂಗು ಹಿಡಿದರು.

“ಮೂವತ್ತು ವರ್ಷದಿಂದ ಬುಗ್ಗೆಗಳನ್ನ ಮೂಸಿ ನೋಡಿದೀನಿ. ಗಂಧಕದ ವಾಸನೆ ಗೊತ್ತು, ಕಬ್ಬಿಣದ ವಾಸನೆ ಗೊತ್ತು. ಹಸಿ ಈರುಳ್ಳಿ ವಾಸನೆಯ ಬುಗ್ಗೆ ಇದೇ ಮೊದಲು.”

ಬಟ್ಟೆ ಎತ್ತಿದರು. ಕೆಳಗೆ ವೆನ್ಸೆಲ್, ಬಾಯಲ್ಲಿ ಕೊಳವೆ, ಕಣ್ಣಲ್ಲಿ ನೀರು.

“ನಮಸ್ಕಾರ ಮೇಡಂ,” ಅಂದ.

“ನಮಗೇನೂ ಗೊತ್ತಿಲ್ಲ ಮೇಡಂ!” ಅಂಬ್ರುಶ್ ಎರಡು ಹೆಜ್ಜೆ ಹಿಂದೆ ಸರಿದ. “ಎಲ್ಲ ಇವನದೇ ಕಿತಾಪತಿ!” ಕೊಳವೆ ಅಧ್ಯಕ್ಷರದು ಅಂತ ಊರಿಗೆಲ್ಲ ಗೊತ್ತಿತ್ತು, ಊರೆಲ್ಲ ಮರಗಳನ್ನು ನೋಡುತ್ತಾ ನಿಂತಿತು. “ಏಪ್ರನ್ನು ಒಗೆಸಿಟ್ಟಿದೀನಿ ಕಣಯ್ಯಾ,” ಅಂತ ಗಾಶ್ಪರ್ ಸಮಾಧಾನ ಹೇಳಿದ್ದು ಮೂರು ಬೆಟ್ಟದಾಚೆಗೆ ಕೇಳಿಸಿತು.

ವೆನ್ಸೆಲ್ ಹೊರಗೆ ಬಂದು ಬೆಂಚಿನ ಮೇಲೆ ಕುಸಿದು ಕೂತ. ಇನ್ನೇನಿದೆ? ಈ ಬೆಂಚು ಇವತ್ತಿಗೆ ಮುಗಿಯಿತು. ಅವನಿಗೆ ನಾಚಿಕೆಯೂ ಆಗಲಿಲ್ಲ, ಅಷ್ಟು ದುಃಖವಾಗಿತ್ತು. ದುಃಖ ಬಂದಾಗ ಅವನ ಕೈ ಜೇಬಿಗೆ ಹೋಗುತ್ತಿತ್ತು. ಜೇಬಿನಲ್ಲಿ ಸಿಹಿ ಬ್ರೆಡ್ಡಿನ ತುಂಡಿತ್ತು. ಅಭ್ಯಾಸಬಲದಿಂದ ಒಂದು ದ್ರಾಕ್ಷಿ ಕಿತ್ತು, ಎದುರಿಗಿದ್ದ ಗಾಜಿನ ಲೋಟಕ್ಕೆ ಹಾಕಿದ.

ದ್ರಾಕ್ಷಿ ಮುಳುಗಿತು. ತಳದಲ್ಲಿ ಕೂತಿತು. ಅದರ ಒಂದು ಸುಕ್ಕಿನಲ್ಲಿ ಸಾಸಿವೆಯಷ್ಟು ಬೆಳ್ಳಗೆ ಏನೋ ಮಿನುಗಿತು. ಇನ್ನೊಂದು ಸುಕ್ಕಿನಲ್ಲಿ ಮತ್ತೊಂದು. ನೋಡನೋಡುತ್ತಿದ್ದಂತೆ ದ್ರಾಕ್ಷಿಗೆ ಮೈತುಂಬ ಮುತ್ತು ಪೋಣಿಸಿದ ಹಾಗಾಗಿ, ಅದು ತೂಗಾಡುತ್ತಾ ಎದ್ದು ಮೇಲೆ ಬಂತು.

“ಸತ್ತಿಲ್ಲ!” ವೆನ್ಸೆಲ್ ಕೂಗಿದ. ಹುಟ್ಟಿದಾಗ ಬಿಟ್ಟರೆ ಅವನು ಕೂಗಿದ್ದು ಅದೇ ಮೊದಲು. “ಸತ್ತಿಲ್ಲ ಕಣ್ರೋ! ಗುಳ್ಳೆ ಎಲ್ಲ ನೀರೊಳಗೇ ಇವೆ! ಅವಕ್ಕೆ ಕೂರೋಕೆ ಜಾಗ ಇಲ್ಲ ಅಷ್ಟೇ! ಒಂದು ಗೀರು ಬೇಕು, ಒಂದು ಧೂಳು ಬೇಕು, ತಾತನ ಮೀಸೆ ಥರ ಏನಾದ್ರೂ ಬೇಕು! ಮೊದಲು ಎಲ್ಲಾದ್ರೂ ಸ್ವಲ್ಪ ಹೊತ್ತು ಕೂತರೆ ತಾನೇ ಏಳೋಕಾಗೋದು? ಈ ಲೋಟಗಳು ಇಷ್ಟು ನುಣ್ಣಗಿದ್ರೆ ಪಾಪ ಅವು ಎಲ್ಲಿ ಕೂರ್ತವೆ?”

ಊರವರು ಲೋಟದ ಸುತ್ತ ಮುತ್ತಿಕೊಂಡರು. ಮೋಜೆಶ್ ತಾತ ಒಂದು ಬ್ರೆಡ್ಡಿನ ಪುಡಿ ಹಾಕಿದ, ನೊರೆ ಬಂತು. ಪಿರೋಷ್ಕಮ್ಮ ತನ್ನ ಶಾಲಿನ ಎಳೆ ಇಳಿಬಿಟ್ಟಳು, ಎಳೆಯುದ್ದಕ್ಕೂ ಮುತ್ತಿನ ಸರ. “ನಾನು ಆಗಲೇ ಅಂದಿದ್ದೆ, ಬುಗ್ಗೆಗೇನೂ ಆಗಿಲ್ಲ ಅಂತ,” ಅಂದಳು ಅವಳು. ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

ಒಟ್ಟಿಲಿಯಾ ಮೊದಲ ಸಲ ನಕ್ಕರು. “ನಂಗೆ ಬೊಗಸೆಯಲ್ಲಿ ಕುಡಿದಾಗಲೇ ಗೊತ್ತಾಯ್ತು. ಇಂಥ ಜೋರಿನ ನೀರು ಈ ಸೀಮೆಯಲ್ಲೇ ಇಲ್ಲ.”

“ಮತ್ತೆ ಮೇಡಂ, ಆಗಲೇ ಹೇಳಬಾರದಿತ್ತಾ?” ವೆನ್ಸೆಲ್ ಪಕ್ಕೆಲುಬು ನೀವಿಕೊಳ್ಳುತ್ತಾ ಕೇಳಿದ.

“ಎಷ್ಟು ಹೊತ್ತು ಊದ್ತೀರಿ ನೋಡೋಣ ಅನ್ನಿಸ್ತು.”

ಫಾರಂ ತೆಗೆದು ಬರೆದರು. ಗುಳ್ಳೆ: ಹೇರಳ. ಬುಗ್ಗೆ: ಜೀವಂತ. ದರ್ಜೆ: ಒಂದು. ಅಂಬ್ರುಶ್ ಟೋಪಿ ಹಾರಿಸಿದ, ಜನ ಚಪ್ಪಾಳೆ ಹೊಡೆದರು. ವೆನ್ಸೆಲ್ ಬೆಂಚಿನ ಮರವನ್ನು ಅಂಗೈಯಿಂದ ಸವರಿದ. ಹೋದ ಜೀವ ಬಂದ ಹಾಗಾಗಿತ್ತು.

“ಇನ್ನೊಂದೇ ಉಳಿದಿದೆ,” ಅಂದರು ಒಟ್ಟಿಲಿಯಾ. ಪೆನ್ನು ಕೊನೆಯ ಸಾಲಿನ ಮೇಲೆ ನಿಂತಿತ್ತು. “ಈ ಲೋಟಗಳನ್ನ ತೊಳೆದಿದ್ದು ಯಾರು?”

ವೆನ್ಸೆಲ್ ಸುಳ್ಳು ಹೇಳಿ ಅಭ್ಯಾಸವಿದ್ದವನಲ್ಲ. ಒಂದೇ ದಿನಕ್ಕೆ ಕೊಳವೆಯ ಸುಳ್ಳೇ ಸಾಕಾಗಿತ್ತು. ‘ನನ್ನಕ್ಕ’ ಅನ್ನಲು ಬಾಯಿ ತೆರೆದ. ಹಿಂದಿನಿಂದ ರೆಬೆಕಾ ಅವನ ತೋಳು ಚಿವುಟಿದಳು. ಎದುರಿಗೆ ಊರು ಊರೇ ಕಣ್ಣು ಬಿಟ್ಟುಕೊಂಡು ನಿಂತಿತ್ತು. ಬೇರೆಯವರು ಅಂದರೆ ಪಟ್ಟಿಯಿಂದ ಔಟು, ಬುಗ್ಗೆಗೆ ಬೀಗ, ಗೋಡೆಯ ಮೇಲೆ ಏಪ್ರನ್ನು.

“ನಾನೇ,” ಅಂದ ವೆನ್ಸೆಲ್.

“ಒಬ್ಬರೇ?”

“ಒಬ್ಬನೇ. ಕೈಯಾರೆ. ವಿನಿಗರ್ ಹಾಕಿ, ಬಿಸಿನೀರು ಹಾಕಿ.”

“ಇಲ್ಲಿ ಸಹಿ ಮಾಡಿ.”

ಮಾಡಿದ. ಒಟ್ಟಿಲಿಯಾ ಕಾಗದ ಮಡಚಿಟ್ಟು, ಅವನ ಎರಡೂ ಕೈಗಳನ್ನು ಹಿಡಿದುಕೊಂಡು, ಲೋಟ ನೋಡಿದ ಹಾಗೇ ಬೆಳಕಿಗೆ ಹಿಡಿದು ನೋಡಿದರು.

“ಜಿಲ್ಲೆಯ ಪ್ರಯೋಗಾಲಯಕ್ಕೆ ಹತ್ತು ವರ್ಷದಿಂದ ಈ ಕೈಗಳನ್ನೇ ಹುಡುಕ್ತಿದ್ದೆ ನಾನು. ನಮ್ಮಲ್ಲಿ ಗಾಜಿಗೆ ಒಂದು ಗುಳ್ಳೆ ಅಂಟಿದ್ರೂ ಲೆಕ್ಕ ತಪ್ಪುತ್ತೆ. ಎಷ್ಟು ಜನ ಬಂದ್ರು, ಒಬ್ಬರಿಗೂ ತೊಳೆಯೋಕೆ ಬರಲ್ಲ. ಇಲ್ಲಿ ಹನ್ನೆರಡು ಲೋಟದಲ್ಲಿ ಒಂದೇ ಒಂದು ಗುಳ್ಳೆ ಇರಲಿಲ್ಲ! ನೀವು ಹೇಗೂ ಜಿಲ್ಲೆಯ ನೌಕರರು. ಇವತ್ತಿಂದ ಅಲ್ಲಿ ಲೋಟ ತೊಳೆಯೋ ವಿಭಾಗಕ್ಕೆ ನೀವೇ ಮುಖ್ಯಸ್ಥರು. ಕಾರು ಹೇಗೂ ಖಾಲಿ ಹೋಗ್ತಿದೆ, ಹತ್ತಿ.”

ಅತ್ತ ದರಿ, ಇತ್ತ ಪುಲಿ. ತೊಳೆದವನು ನಾನಲ್ಲ ಅಂದರೆ ಬುಗ್ಗೆ ಹೋಗುತ್ತದೆ. ನಾನೇ ಅಂದರೆ ತಾನು ಹೋಗಬೇಕಾಗುತ್ತದೆ. ವೆನ್ಸೆಲ್ ಅಕ್ಕನ ಮುಖ ನೋಡಿದ. ಅವಳಾಗಲೇ ಹೆಮ್ಮೆಯಿಂದ ಅಳುತ್ತಿದ್ದಳು.

“ಮುಖ್ಯಸ್ಥ! ನಮ್ಮ ವಂಶದಲ್ಲಿ ಯಾರು ಆಗಿದ್ರೋ ಮುಖ್ಯಸ್ಥ! ಹೋಗೋ ನನ್ನಪ್ಪ, ಬಟ್ಟೆ ತಂದೆ ಇರು, ಬ್ರೆಡ್ಡು ತಂದೆ ಇರು!”

“ಅಕ್ಕಾ, ಬುಗ್ಗೆ ಯಾರು ನೋಡ್ಕೋತಾರೆ?”

ಎಲ್ಲರೂ ತಿರುಗಿ ನೋಡಿದಾಗ ಗಾಶ್ಪರ್ ಬೆಂಚಿನ ಮೇಲೆ ಕೂತಿದ್ದ. ಮೊದಲು ತುದಿಯಲ್ಲಿ ಕೂತ, ಆಮೇಲೆ ಒರಗಿದ, ಆಮೇಲೆ ಬೂಟು ಬಿಚ್ಚಿದ. “ಯಾರಾದ್ರೂ ನೋಡ್ಕೋಬೇಕಲ್ಲ,” ಅಂದ. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನು ಮೆಲ್ಲಗೆ ಮಾತಾಡಿದ್ದ. ರೆಬೆಕಾ ಏಪ್ರನ್ನಿನ ಜೇಬಿನಿಂದ ಆ ತಗಡಿನ ಲೋಟ ತೆಗೆದು, ನೀರು ತುಂಬಿಸಿ ಗಂಡನ ಕೈಗೆ ಕೊಟ್ಟಳು. ಗಾಶ್ಪರ್ ಕುಡಿಯಲು ಎತ್ತಿದವನು ಹಾಗೇ ತಡೆದು, ಲೋಟದೊಳಗೆ ನೋಡುತ್ತಾ ಕೂತುಬಿಟ್ಟ.

ಕಾರು ಬೆಟ್ಟ ಇಳಿಯಿತು. ಹಿಂದಿನ ಸೀಟಿನಲ್ಲಿ ವೆನ್ಸೆಲ್, ತೊಡೆಯ ಮೇಲೆ ಬಟ್ಟೆಯ ಗಂಟು, ಕೈಯಲ್ಲಿ ಒಂದು ಗಾಜಿನ ಲೋಟ ತುಂಬ ಹುಳಿನೀರು. ದಾರಿಯುದ್ದಕ್ಕೂ ಗುಳ್ಳೆ ಬರುತ್ತದೋ ಇಲ್ಲವೋ ನೋಡಿ ಅಂತ ಒಟ್ಟಿಲಿಯಾ ಅವರೇ ಕೊಟ್ಟದ್ದು. ಬೀಚ್ ಮರಗಳು ಹಿಂದೆ ಹಿಂದೆ ಹೋದವು. ನೀರು ಗಾಜಿನೊಳಗೆ ಇದೆಯೋ ಇಲ್ಲವೋ ಅನ್ನುವ ಹಾಗೆ ಕೂತಿತ್ತು. ಅವನಿಗೆ ಊರು ನೆನಪಾಯಿತು.

ಮೆಲ್ಲಗೆ ಗಂಟಿನೊಳಗೆ ಕೈಹಾಕಿ, ಬ್ರೆಡ್ಡಿನಿಂದ ಒಂದು ದ್ರಾಕ್ಷಿ ಕಿತ್ತು, ಲೋಟಕ್ಕೆ ಬಿಟ್ಟ. ಅದು ಮುಳುಗಿತು, ಮುತ್ತು ತೊಟ್ಟಿತು, ತೂಗಾಡುತ್ತಾ ಮೇಲೆದ್ದಿತು. ಮೇಲೆ ಬಂದು, ಒಂದು ಕ್ಷಣ ಕಿಟಕಿಯಾಚೆಯ ಆಕಾಶ ನೋಡಿ, ಗುಳ್ಳೆ ಕಳಕೊಂಡು ಮತ್ತೆ ತಳ ಸೇರಿತು.

“ಮುಖ್ಯಸ್ಥರೇ,” ಅಂದರು ಮುಂದಿನ ಸೀಟಿನಿಂದ ಒಟ್ಟಿಲಿಯಾ, ತಲೆ ತಿರುಗಿಸದೆಯೇ. “ಆ ಲೋಟಾನ ಇನ್ನೊಂದ್ಸಲ ತೊಳೀಬೇಕಾಗುತ್ತೆ.”